ದುರ್ಯೋಧನನ ಜೊತೆ ಆರು ಬೆಂಚು

ಕನ್ನಡ ಪಾಠ ಮಾಡಲು ಶುರು ಮಾಡಿದ ಮೊದಲ ವರ್ಷಗಳಲ್ಲಿ ನಾನು ನೋಟ್ಸ್ ಬರೆಸುತ್ತಿದ್ದೆ. ಬಿ.ಕಾಂ. ಮಕ್ಕಳಿಗೆ ರನ್ನನ ಗದಾಯುದ್ಧದ ಒಂದು ಭಾಗ ಪಾಠಕ್ಕಿತ್ತು. ‘ದುರ್ಯೋಧನನ ಪಾತ್ರವನ್ನು ಚಿತ್ರಿಸಿ’ ಎಂಬ ಪ್ರಶ್ನೆ ಹೇಗೂ ಬರುತ್ತದೆ. ಹಾಗಾಗಿ ಬೋರ್ಡಿನ ಮೇಲೆ ಬರೆದೆ: ಛಲ, ಭ್ರಾತೃಪ್ರೇಮ, ಮಿತ್ರಪ್ರೇಮ, ಪುತ್ರವಾತ್ಸಲ್ಯ. ಪ್ರತಿಯೊಂದಕ್ಕೂ ಎರಡೆರಡು ವಾಕ್ಯ.

ಒಬ್ಬ ಹುಡುಗ ಇದನ್ನೆಲ್ಲ ಒಂದಕ್ಷರ ತಪ್ಪಿಲ್ಲದೆ ಬರೆದು ಪೂರ್ತಿ ಅಂಕ ತೆಗೆದುಕೊಂಡ. ಆಮೇಲೆ ವರಾಂಡದಲ್ಲಿ ಸಿಕ್ಕಾಗ ಕೇಳಿದೆ, “ದುಶ್ಶಾಸನನ ಹೆಣದ ಮುಂದೆ ನಿಂತು ದುರ್ಯೋಧನ ಏನು ಹೇಳ್ತಾನೆ?” ಅವನಿಗೆ ಗೊತ್ತಿರಲಿಲ್ಲ. “ಭ್ರಾತೃಪ್ರೇಮ ಮೇಡಂ” ಅಂದ. ಅವತ್ತು ನನಗೆ ತುಂಬ ಬೇಜಾರಾಯಿತು. ತಪ್ಪು ಅವನದಲ್ಲ, ನನ್ನದು. ನಾನು ಗುಣಗಳ ಪಟ್ಟಿ ಕೊಟ್ಟಿದ್ದೆ, ಮನುಷ್ಯನನ್ನು ತೋರಿಸಿರಲಿಲ್ಲ.

ಆ ರಜೆಯಲ್ಲಿ ಕಾವ್ಯವನ್ನು ಮತ್ತೆ ಓದಿದೆ. ಪರೀಕ್ಷೆಗಲ್ಲ, ಸುಮ್ನೆ ನನಗೋಸ್ಕರ. ರನ್ನ ಹತ್ತನೇ ಶತಮಾನದವನು, ಈಗಿನ ಮುಧೋಳದವನು, ಬಳೆಗಾರರ ಮನೆಯ ಹುಡುಗ. ಚಾಲುಕ್ಯ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಬರೆದ ಕಾವ್ಯ ಇದು, ಇನ್ನೊಂದು ಹೆಸರು ಸಾಹಸಭೀಮ ವಿಜಯ. ಅಂದರೆ ಗೆಲ್ಲುವವನು ಭೀಮ, ಹೊಗಳಿಸಿಕೊಳ್ಳಬೇಕಾದವನೂ ಭೀಮ. ಆದರೆ ಓದಿ ಮುಗಿಸಿದ ಮೇಲೆ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ಇದು ಹೇಗಾಗುತ್ತದೆ ಅಂತ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ಒಂದು ನಡಿಗೆ. ಸೈನ್ಯವೆಲ್ಲ ಹಾಳಾದ ಮೇಲೆ ದುರ್ಯೋಧನ ಸಂಜಯನ ಜೊತೆ ರಣರಂಗದಲ್ಲಿ ನಡೆದುಕೊಂಡು ಭೀಷ್ಮರನ್ನು ಕಾಣಲು ಹೋಗುತ್ತಾನೆ. ದಾರಿಯಲ್ಲಿ ಒಂದೊಂದೇ ಹೆಣ ಎದುರಾಗುತ್ತದೆ. ಒಬ್ಬೊಬ್ಬರ ಮುಂದೆಯೂ ಅವನು ಬೇರೆ ಬೇರೆ ಮನುಷ್ಯ.

ಮುಂದಿನ ವರ್ಷ ತರಗತಿಯಲ್ಲಿ ಬೆಂಚುಗಳನ್ನು ಸರಿಸಿ ನಡುವೆ ದಾರಿ ಮಾಡಿಸಿದೆ. ಆರು ಬೆಂಚಿನ ಮೇಲೆ ಆರು ಚೀಟಿ ಅಂಟಿಸಿದೆ: ದ್ರೋಣ, ಅಭಿಮನ್ಯು, ಲಕ್ಷಣಕುಮಾರ, ದುಶ್ಶಾಸನ, ಕರ್ಣ, ಕೊನೆಗೆ ಭೀಷ್ಮ. ಒಬ್ಬ ದುರ್ಯೋಧನ, ಒಬ್ಬಳು ಸಂಜಯ. ಪ್ರತಿ ಬೆಂಚಿನ ಹತ್ತಿರ ನಿಲ್ಲಬೇಕು, ಪದ್ಯವನ್ನು ಗಟ್ಟಿಯಾಗಿ ಓದಬೇಕು. ಅರ್ಥ ಆಮೇಲೆ. ನಾನು ಹಾಕಿದ ನಿಯಮ ಒಂದೇ: ಯಾರೂ ಗುಣದ ಹೆಸರು ಹೇಳುವಂತಿಲ್ಲ. ‘ಒಳ್ಳೆಯವನು’, ‘ಛಲಗಾರ’, ಏನೂ ಬೇಡ. ಇಲ್ಲಿ ಅವನು ಏನು ಹೇಳಿದ, ಅದನ್ನು ಇಷ್ಟು ದಿನ ಯಾಕೆ ಹೇಳಿರಲಿಲ್ಲ, ಇಷ್ಟಕ್ಕೆ ಮಾತ್ರ ಉತ್ತರ.

ದ್ರೋಣರ ಹತ್ತಿರ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಅಭಿಮನ್ಯುವಿನ ಬೆಂಚಿಗೆ ಬಂದಾಗ ತರಗತಿ ಎದ್ದು ಕೂತಿತು. ಶತ್ರುವಿನ ಮಗ, ಅವನನ್ನು ಸುತ್ತುವರಿದು ಕೊಂದವರು ಇವನ ಕಡೆಯವರೇ. ಆ ಹುಡುಗನ ಮುಂದೆ ನಿಂತು ದುರ್ಯೋಧನ ಕೈ ಮುಗಿದವನಂತೆ ಕೇಳಿಕೊಳ್ಳುತ್ತಾನೆ: ನಿನ್ನ ಪರಾಕ್ರಮ ಬೇರೆಯವರಿಂದ ಆಗದ್ದು, ನಿನ್ನ ಸಾಹಸದಲ್ಲಿ ಒಂದು ಪಾಲಾದರೂ ಇರುವಂಥ ಸಾವು ನನಗೂ ಬರಲಿ. ಇಲ್ಲಿಂದ ನಾಲ್ಕು ಹೆಜ್ಜೆಗೆ ಮುಂದಿನ ಬೆಂಚು. ಅಲ್ಲಿ ಮಲಗಿರುವುದು ಅವನ ಸ್ವಂತ ಮಗ ಲಕ್ಷಣ. ಕೊಂದವನು ಅಭಿಮನ್ಯು.

ಇದನ್ನು ನಾನು ಮೊದಲೇ ಹೇಳಿರಲಿಲ್ಲ. ದುರ್ಯೋಧನನಾಗಿದ್ದ ಹುಡುಗ ಚೀಟಿ ಓದಿ ಹಿಂದಕ್ಕೆ ತಿರುಗಿ ಅಭಿಮನ್ಯುವಿನ ಬೆಂಚು ನೋಡಿದ. ಆ ತಿರುಗಿ ನೋಡಿದ್ದೇ ನನ್ನ ಪಾಠ ಅನ್ನಿಸಿತು. ಮಗನನ್ನು ಕೊಂದವನನ್ನು ಮೊದಲು ಮೆಚ್ಚಿ, ಆಮೇಲೆ ಮಗನ ಮುಂದೆ ಬಂದು, ‘ಅಪ್ಪನಿಗೆ ಮಗ ಎಳ್ಳುನೀರು ಬಿಡಬೇಕು, ಈಗ ನಾನೇ ನಿನಗೆ ಬಿಡುವಂತಾಯಿತಲ್ಲ, ಕ್ರಮ ತಪ್ಪಿಸಿದೆಯಲ್ಲ ಮಗನೇ’ ಅನ್ನುತ್ತಾನೆ. ರನ್ನ ಹೆಣಗಳನ್ನು ಜೋಡಿಸಿದ ಕ್ರಮ ನೋಡಿ. ಈ ಎರಡನ್ನು ಅದಲುಬದಲು ಮಾಡಿದರೆ ಆ ಮೆಚ್ಚುಗೆಗೆ ಈ ತೂಕ ಇರುತ್ತಲೇ ಇರಲಿಲ್ಲ.

ದುಶ್ಶಾಸನನ ಪದ್ಯ ಓದಿದ್ದು ಹಿಂದಿನ ಸಾಲಿನಲ್ಲಿ ಕೂರುವ, ಮಾತು ಕಮ್ಮಿಯಾದ ಹುಡುಗಿ. ‘ಜನನೀಸ್ತನ್ಯಮನುಂಡೆನಾಂ ಬಳಿಕೆ ನೀಂ’ ಅಂತ ಶುರುವಾಗುತ್ತದೆ. ಅಮ್ಮನ ಹಾಲು ಮೊದಲು ನಾನು ಕುಡಿದೆ, ಆಮೇಲೆ ನೀನು. ಊಟದಲ್ಲೂ ಮೊದಲು ನಾನು, ಆಮೇಲೆ ನೀನು. ಚಿಕ್ಕಂದಿನಿಂದ ಎಲ್ಲೂ ನೀನು ಮೀರಿ ನಡೆದವನಲ್ಲ, ಸಾಯುವುದರಲ್ಲಿ ಮಾತ್ರ ನನಗಿಂತ ಮುಂದೆ ಹೋದೆ. ಅವಳು ಅರ್ಧಕ್ಕೆ ನಿಲ್ಲಿಸಿ, “ನಮ್ಮನೇಲೂ ಹೀಗೇ ಲೆಕ್ಕ ಇಡ್ತಾರೆ ಮೇಡಂ, ಯಾರು ಮೊದಲು ಅಂತ” ಅಂದಳು. ಸಭೆಯಲ್ಲಿ ಅತ್ತಿಗೆಯ ಸೀರೆಗೆ ಕೈ ಹಾಕಿದ ದುಶ್ಶಾಸನನ ಬಾಲ್ಯವನ್ನು ನಾವು ಕಾಣುವುದು ಇಲ್ಲೇ. ಅವನ ಪಾತ್ರವೂ ಅಣ್ಣನ ಬಾಯಲ್ಲಿ, ಸತ್ತ ಮೇಲೆ ಬೆಳೆಯಿತು.

ಕರ್ಣನ ಬೆಂಚಿನಲ್ಲಿ ಒಂದಿಡೀ ಪೀರಿಯಡ್ ಕಳೆಯಿತು.

‘ಆನರಿವೆಂ ಪೃಥೆಯರಿವಳ್ ದಾನವರಿಪುವರಿವನ್ ಅರ್ಕನರಿವಂ ದಿವ್ಯಜ್ಞಾನಿ ಸಹದೇವನರಿವಂ ನೀನಾರ್ಗೆಂದಾರುಮರಿಯರಂಗಾಧಿಪತೀ.’ ನೀನು ಯಾರ ಮಗ ಅಂತ ನನಗೆ ಗೊತ್ತು, ಕುಂತಿಗೆ ಗೊತ್ತು, ಕೃಷ್ಣನಿಗೆ, ಸೂರ್ಯನಿಗೆ, ಸಹದೇವನಿಗೆ ಗೊತ್ತು. ಬೇರೆ ಯಾರಿಗೂ ಗೊತ್ತಿಲ್ಲ ಅಂಗಾಧಿಪತಿ.

ಪದ್ಯದ ಮೊದಲ ಪದ ‘ಆನ್’, ನಾನು. ಹೆತ್ತ ತಾಯಿಗಿಂತ ಮೊದಲು, ಹುಟ್ಟಿಸಿದ ಸೂರ್ಯನಿಗಿಂತ ಮೊದಲು. ಸಂಜಯನಾಗಿದ್ದ ಹುಡುಗಿ ತಕ್ಷಣ ಕೇಳಿದಳು, “ಗೊತ್ತಿದ್ದೂ ಯಾಕೆ ಹೇಳಲಿಲ್ಲ ಮೇಡಂ?” ನನ್ನ ಹಳೆಯ ನೋಟ್ಸಿನಲ್ಲಿ ಈ ಪದ್ಯ ‘ಮಿತ್ರಪ್ರೇಮ’ದ ಕೆಳಗಿತ್ತು. ಈಗ ಅದು ಅಲ್ಲಿ ಕೂರುತ್ತಿಲ್ಲ. ಹೇಳಿಬಿಟ್ಟರೆ ಸ್ನೇಹಿತ ಕೈತಪ್ಪಿ ಹೋಗುತ್ತಾನೆ ಅನ್ನುವ ಭಯವೇ? ಪಾಂಡವರ ಅಣ್ಣನನ್ನು ಪಾಂಡವರ ಮೇಲೆ ಬಿಡುವ ಲೆಕ್ಕವೇ? ಒಬ್ಬ ಲೆಕ್ಕ ಅಂದ, ಇನ್ನೊಬ್ಬ ಭಯ ಅಂದ. ಮೂರನೆಯವನು, “ಎರಡೂ ಇರಬಹುದು, ಅದಕ್ಕೇ ಹೆಣದ ಮುಂದೆ ಒಪ್ಪಿಕೊಳ್ತಿದ್ದಾನೆ” ಅಂದ. ನಾನು ತೀರ್ಪು ಹೇಳಲಿಲ್ಲ. ಜೀವಂತ ಕರ್ಣನ ಮುಂದೆ ಈ ಮಾತು ಆಡಲು ಆಗುತ್ತಿತ್ತಾ ಅಂತ ಮಾತ್ರ ಕೇಳಿದೆ. ಇಲ್ಲ ಅಲ್ವಾ?

ಆಗಲೇ ನನಗೂ ಸ್ಪಷ್ಟವಾಗಿದ್ದು. ರನ್ನ ದುರ್ಯೋಧನನನ್ನು ಸತ್ತವರ ಮುಂದೆ ಮಾತಾಡಿಸುವುದು ಸುಮ್ನೆ ಅಲ್ಲ. ಸತ್ತವರು ಎದುರು ಮಾತಾಡುವುದಿಲ್ಲ. ಅವರ ಮುಂದೆ ರಾಜನಾಗಿ ಎದೆ ಸೆಟೆಸಿ ನಿಲ್ಲಬೇಕಾಗಿಲ್ಲ. ಇಷ್ಟು ದಿನ ಸಭೆಯಲ್ಲಿ ಆಡಲಾಗದೆ ಉಳಿದದ್ದೆಲ್ಲ ಇಲ್ಲಿ ಹೊರಗೆ ಬರುತ್ತದೆ.

ಇದಕ್ಕೆ ಸಾಕ್ಷಿ ಆರನೆಯ ಬೆಂಚು. ಭೀಷ್ಮರು ಶರಶಯ್ಯೆಯ ಮೇಲಿದ್ದಾರೆ, ಆದರೆ ಬದುಕಿದ್ದಾರೆ. ಸಂಧಿ ಮಾಡಿಕೋ ಅನ್ನುತ್ತಾರೆ. ತಕ್ಷಣ ದುರ್ಯೋಧನನ ದನಿ ಬದಲಾಗುತ್ತದೆ: ‘ನೆಲಕಿರಿವೆನೆಂದು ಬಗೆದಿರೆ ಛಲಕಿರಿವೆಂ.’ ನೆಲಕ್ಕಾಗಿ ಹೋರಾಡುತ್ತೇನೆ ಅಂದುಕೊಂಡಿರಾ? ಛಲಕ್ಕಾಗಿ. ನೋಟ್ಸಿನಲ್ಲಿ ಇದನ್ನು ಎಷ್ಟು ಸಲ ಬರೆಸಿದ್ದೆನೋ! ಆದರೆ ಐದು ಹೆಣ ದಾಟಿ ಬಂದ ಮೇಲೆ ಓದಿದಾಗ ಪದ್ಯದ ಉಳಿದ ಅರ್ಧ ಕಿವಿಗೆ ಬಿತ್ತು. ಕರ್ಣನನ್ನು ಕೊಲ್ಲಿಸಿದ ಈ ನೆಲ ನನಗೆ ಪಾಳುನೆಲ, ಇದರ ಜೊತೆ ಮತ್ತೆ ಬಾಳುತ್ತೇನೆಯೇ ಅನ್ನುತ್ತಾನೆ. ಸೂಜಿಮೊನೆಯಷ್ಟು ನೆಲವನ್ನೂ ಕೊಡೆನೆಂದು ಯುದ್ಧ ತಂದವನಿಗೆ ಈಗ ನೆಲವೇ ಬೇಡ. ಛಲ ಹಳೆಯದೇ, ಅದರೊಳಗೆ ತುಂಬಿಕೊಂಡದ್ದು ಬೇರೆ. ಪಾತ್ರ ಬೆಳೆಯುವುದು ಅಂದರೆ ಒಳ್ಳೆಯವನಾಗುವುದು ಅಂತ ಮಕ್ಕಳು ಅಂದುಕೊಂಡಿರುತ್ತಾರೆ. ದುರ್ಯೋಧನ ಒಳ್ಳೆಯವನಾಗುವುದಿಲ್ಲ, ಆಳವಾಗುತ್ತಾನೆ.

ಈ ರೀತಿ ಪಾಠ ಮಾಡಲು ಸಮಯ ಜಾಸ್ತಿ ಬೇಕು, ನನಗೆ ನಾಲ್ಕು ಪೀರಿಯಡ್ ಹಿಡಿಯಿತು. ಹಳಗನ್ನಡ ಪದ್ಯವನ್ನು ಮೊದಲು ನೀವೇ ಎರಡು ಸಲ ಓದಿ ತೋರಿಸಿ, ಉಸಿರು ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗಬೇಕು. ಕುಮಾರವ್ಯಾಸನ ಉತ್ತರಕುಮಾರನಿಗೂ ಇದೇ ಪ್ರಶ್ನೆ ಇಟ್ಟು ನೋಡಿದ್ದೇನೆ. ಹೆಂಗಸರ ಮುಂದೆ ಅವನ ಮಾತು ಹೇಗೆ, ಕೌರವ ಸೇನೆ ಕಂಡಾಗ ಹೇಗೆ? ಅಲ್ಲಿ ಬೆಂಚೂ ಬೇಡ, ಓದಿದರೆ ಸಾಕು.

ಕೊನೆಯ ದಿನ ಸರೋವರದ ಪದ್ಯಕ್ಕೆ ಬಂದೆವು. ಭೀಷ್ಮರ ಮಾತಿನಂತೆ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ, ದಡದಲ್ಲಿ ಭೀಮ ಗರ್ಜಿಸುತ್ತಾನೆ. ‘ನೀರೊಳಗಿರ್ದುಂ ಬೆಮರ್ತನುರಗಪತಾಕಂ.’ ನೀರಿನಲ್ಲಿದ್ದೂ ಬೆವರಿದ. “ಹೆದರಿದ” ಅಂತ ಇಡೀ ತರಗತಿ ಒಂದೇ ದನಿಯಲ್ಲಿ ಹೇಳಿತು. ವರಾಂಡದಲ್ಲಿ ಸಿಕ್ಕಿದ್ದ ಹುಡುಗ ಆ ವರ್ಷವೂ ಅದೇ ಕಾಲೇಜಿನಲ್ಲಿದ್ದ, ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದ. ಒಳಗೆ ಬಂದು ಒಬ್ಬರ ಪುಸ್ತಕ ತೆಗೆದುಕೊಂಡು ಅದಕ್ಕೂ ಹಿಂದಿನ ಸಾಲಿನ ಮೇಲೆ ಬೆರಳಿಟ್ಟ.

“ಇಲ್ಲಿ ‘ಕೋಪಾರುಣನೇತ್ರಂ’ ಅಂತಿದೆ ಮೇಡಂ. ಕಣ್ಣು ಕೆಂಪಾಗಿದೆ.”