ಆರ್‌ಎನ್‌ಎ ಕೀಟನಾಶಕದ ಸುರಕ್ಷತಾ ಫೈಲು: ನನ್ನ ಅನುಭವ

ಕೀಟದ ಒಂದೇ ಒಂದು ಜೀನನ್ನು ಸುಮ್ಮನಾಗಿಸಿ ಅದನ್ನು ಕೊಲ್ಲುವ ಔಷಧಿ ಈಗ ಬರೀ ಲ್ಯಾಬಿನ ಮಾತಲ್ಲ. 2023ರ ಡಿಸೆಂಬರ್‌ನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಅಂದರೆ ಇಪಿಎ, ಲೆಡ್‌ಪ್ರೋನಾ ಎಂಬ ಆರ್‌ಎನ್‌ಎಗೆ ನೋಂದಣಿ ಕೊಟ್ಟಿತು. ಆಲೂಗಡ್ಡೆ ಗಿಡದ ಎಲೆ ತಿನ್ನುವ ಕೊಲೊರಾಡೋ ಜೀರುಂಡೆಗೆ ಅದನ್ನು ಸಿಂಪಡಿಸುತ್ತಾರೆ. ಅಂಥದೇ ಇನ್ನೊಂದು ಆರ್‌ಎನ್‌ಎಗೆ ಸರ್ಕಾರದ ಮುಂದಿಡುವ ಸುರಕ್ಷತಾ ಫೈಲು ತಯಾರಿಸುವುದು ನಮ್ಮ ತಂಡದ ಕೆಲಸ. ನಮ್ಮದೂ ಜೀರುಂಡೆಯ ಮೇಲಿನದೇ. ಗುರಿಯಲ್ಲದ ಜೀವಿಗಳ ಭಾಗ ನನ್ನ ಪಾಲಿಗೆ ಬಂತು.

ಶುರು ಮಾಡಿದ್ದು ಕಂಪ್ಯೂಟರಿನಲ್ಲಿ. ಜೋಡಿ ಎಳೆಯ ಆರ್‌ಎನ್‌ಎ ಕೀಟದ ಜೀವಕೋಶದೊಳಗೆ ಹೋದಾಗ ಡೈಸರ್ ಎಂಬ ಕಿಣ್ವ ಅದನ್ನು ಸುಮಾರು 21 ಅಕ್ಷರಗಳ (ಆರ್‌ಎನ್‌ಎ ಎಳೆಯ ಒಂದೊಂದು ಘಟಕವನ್ನು ಅಕ್ಷರ ಎನ್ನುತ್ತೇವೆ) ತುಂಡುಗಳಾಗಿ ಕತ್ತರಿಸುತ್ತದೆ. ಆ ತುಂಡಿಗೆ ಹೊಂದುವ ಸಂದೇಶವಾಹಕ ಆರ್‌ಎನ್‌ಎ, ಅಂದರೆ ಪ್ರೋಟೀನ್ ತಯಾರಿಸಲು ಜೀನಿನ ಆದೇಶ ಹೊತ್ತೊಯ್ಯುವ ಆರ್‌ಎನ್‌ಎ, ಸಿಕ್ಕರೆ ಅದು ನಾಶವಾಗುತ್ತದೆ. ಹಾಗಾಗಿ ನಮ್ಮ ಆರ್‌ಎನ್‌ಎಯ ಅನುಕ್ರಮದಿಂದ, ಅಂದರೆ ಅದರ ಅಕ್ಷರಗಳ ಸಾಲಿನಿಂದ, ಹುಟ್ಟಬಹುದಾದ ಪ್ರತಿಯೊಂದು ತುಂಡನ್ನೂ ಹಿಡಿದು ಬೇರೆ ಜೀವಿಗಳ ಜೀನೋಮಿನಲ್ಲಿ, ಅಂದರೆ ಅವುಗಳ ಇಡೀ ಡಿಎನ್‌ಎ ಬರಹದಲ್ಲಿ, ಹುಡುಕಬೇಕು. ಒಂದೊಂದೇ ಅಕ್ಷರ ಸರಿಸುತ್ತಾ ಎಣಿಸಿದರೆ 400 ಅಕ್ಷರದ ಆರ್‌ಎನ್‌ಎಯಲ್ಲಿ 380 ತುಂಡು. ಜೇನುನೊಣ, ಬಂಬಲ್‌ಬೀ, ಗುಲಗಂಜಿ ಹುಳ, ಮನುಷ್ಯ, ಎಲ್ಲದರಲ್ಲೂ ಹುಡುಕಿದೆ. ಜೇನುನೊಣದಲ್ಲಿ ಒಂದೂ ಹೊಂದಲಿಲ್ಲ.

ಇಲ್ಲಿಗೇ ನಿಲ್ಲಿಸಬೇಕು ಅನ್ನುವವರು ಬಹಳ ಜನ. ನಾನು ಒಪ್ಪುವುದಿಲ್ಲ. ಹೊಲದಲ್ಲಿರುವ ಹೆಚ್ಚಿನ ಕೀಟಗಳ ಜೀನೋಮನ್ನು ಯಾರೂ ಓದೇ ಇಲ್ಲ. ಓದದೇ ಇರುವ ಜೀನೋಮಿನಲ್ಲಿ ಹುಡುಕುವುದಾದರೂ ಹೇಗೆ, ಅಲ್ವಾ? ಅದಕ್ಕೆ ಪರೀಕ್ಷೆಗೆ ಕೀಟಗಳನ್ನು ಆರಿಸುವಾಗ ನಾನು ನೆಂಟಸ್ತಿಕೆ ನೋಡುತ್ತೇನೆ. ಮೆಕ್ಕೆಜೋಳದ ಬೇರುಹುಳಕ್ಕೆಂದು ಗಿಡದೊಳಗೇ ಸೇರಿಸಿದ ಡಿವಿಸ್ನಫ್7 ಆರ್‌ಎನ್‌ಎ ಇದಕ್ಕೆ ಒಳ್ಳೆಯ ಉದಾಹರಣೆ. ಇಪಿಎ ಅದನ್ನು 2017ರಲ್ಲಿ ಒಪ್ಪಿತು. ಹಲವು ಬಗೆಯ ಕೀಟಗಳಿಗೆ ಅದನ್ನು ತಿನ್ನಿಸಿ ನೋಡಿದಾಗ, ಬೇರುಹುಳದ ಹತ್ತಿರದ ನೆಂಟರಾದ ಒಂದು ಉಪಕುಟುಂಬದ ಎಲೆ ಜೀರುಂಡೆಗಳಿಗೆ ಮಾತ್ರ ಪೆಟ್ಟು ಬಿತ್ತು. ನಮ್ಮ ಪಟ್ಟಿಯಲ್ಲೂ ಜೀರುಂಡೆ ಜಾತಿಯ ಉಪಕಾರಿ ಹುಳಗಳಿಗೇ ಮೊದಲ ಜಾಗ ಕೊಟ್ಟೆ.

ಜೇನುನೊಣದ ಪರೀಕ್ಷೆಗೆ ಜಾಸ್ತಿ ತಲೆ ಕೆಡಿಸಿಕೊಂಡೆ. ರಾಸಾಯನಿಕ ಕೀಟನಾಶಕಕ್ಕೆ ಮಾಡುವ ಬೆಳೆದ ಜೇನುನೊಣದ ತೀವ್ರ ವಿಷ ಪರೀಕ್ಷೆ 48 ಗಂಟೆಯಲ್ಲಿ ಮುಗಿಯುತ್ತದೆ. ಬೇಕಾದರೆ 96 ಗಂಟೆವರೆಗೆ ಎಳೆಯಬಹುದು. ಆರ್‌ಎನ್‌ಎ ಅಷ್ಟು ಬೇಗ ಕೆಲಸ ಮಾಡುವುದಿಲ್ಲ. ಅದು ಹೊಸ ಪ್ರೋಟೀನ್ ತಯಾರಾಗುವುದನ್ನು ತಡೆಯುತ್ತದೆ, ಆಗಲೇ ಇರುವ ಪ್ರೋಟೀನನ್ನು ಮುಟ್ಟುವುದಿಲ್ಲ. ಹಳೆಯದು ಕರಗುವ ತನಕ ಹುಳ ಬದುಕಿಯೇ ಇರುತ್ತದೆ. ನಮ್ಮ ಗುರಿ ಜೀರುಂಡೆಯ ಮರಿಗಳೂ ಮೊದಲು ಎಲೆ ತಿನ್ನುವುದನ್ನು ಬಿಟ್ಟು, ಎಷ್ಟೋ ದಿನ ಕಳೆದ ಮೇಲೆ ಸಾಯುತ್ತವೆ. 48 ಗಂಟೆಗೆ ಲೆಕ್ಕ ಮುಗಿಸಿ ‘ಒಂದೂ ಸತ್ತಿಲ್ಲ’ ಎಂದು ಬರೆದರೆ ಅದು ಸುಳ್ಳಲ್ಲ, ಆದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಬೆಳೆದ ನೊಣಗಳಿಗೆ 10 ದಿನ ತಿನ್ನಿಸುವ ಪರೀಕ್ಷೆ, ಮರಿಗಳಿಗೆ ರೆಕ್ಕೆ ಬಂದು ಹೊರಬರುವವರೆಗಿನ 22 ದಿನದ ಪರೀಕ್ಷೆ ಆರಿಸಿಕೊಂಡೆ.

ಇನ್ನೊಂದು ಸಂಶಯ ಉಳಿದಿತ್ತು. ನೊಣ ಕುಡಿದ ಸಕ್ಕರೆ ನೀರಿನಲ್ಲಿ ಆರ್‌ಎನ್‌ಎ ಇಡಿಯಾಗಿ ಉಳಿದಿತ್ತೇ? ಆರ್‌ಎನ್‌ಎ ಒಡೆಯುವ ಕಿಣ್ವಗಳು ಎಲ್ಲೆಲ್ಲೂ ಇರುತ್ತವೆ. ಪ್ರತಿದಿನ ಹೊಸ ಸಕ್ಕರೆ ನೀರು ಇಟ್ಟಾಗ ಒಂದು ಹನಿ, ಹಳೆಯದನ್ನು ತೆಗೆದಾಗ ಒಂದು ಹನಿ ಎತ್ತಿಟ್ಟು, ಆರ್‌ಎನ್‌ಎಯನ್ನು ಉದ್ದದ ಪ್ರಕಾರ ಬೇರ್ಪಡಿಸಿ ತೋರಿಸುವ ಜೆಲ್ ಮೇಲೆ ಓಡಿಸಿದೆವು. ಎರಡರಲ್ಲೂ ಒಂದೇ ಎತ್ತರದಲ್ಲಿ ಸ್ಪಷ್ಟ ಗೆರೆ ಕಂಡರೆ ಸರಿ. ಗೆರೆ ಹೋಗಿ ಕೆಳಗೆ ಬರೀ ಮಸುಕು ಹರಡಿದ್ದರೆ ನೊಣ ಕುಡಿದದ್ದು ಸುಮ್ನೆ ಸಕ್ಕರೆ ನೀರು ಎಂದರ್ಥ. ತೆಗೆದ ನೀರನ್ನೇ ಗುರಿ ಜೀರುಂಡೆಯ ಮರಿಗಳಿಗೂ ಕೊಟ್ಟೆವು. ಅವು ಸತ್ತವು. ಅಲ್ಲಿಗೆ ಜೇನುನೊಣ ಬದುಕುಳಿದದ್ದಕ್ಕೆ ಬೆಲೆ ಬಂತು. ಇದರ ಜೊತೆಗೆ ಕೀಟಗಳಲ್ಲಿ ಇಲ್ಲದ ಜಿಎಫ್‌ಪಿ ಎಂಬ, ಜೆಲ್ಲಿಫಿಶ್‌ನ ಹಸಿರಾಗಿ ಹೊಳೆಯುವ ಪ್ರೋಟೀನಿನ ಜೀನಿನಿಂದ ಅಷ್ಟೇ ಉದ್ದದ ಆರ್‌ಎನ್‌ಎ ಮಾಡಿ ಒಂದು ಗುಂಪಿಗೆ ಕೊಡಬೇಕು. ಯಾವುದೇ ಜೋಡಿ ಎಳೆಯ ಆರ್‌ಎನ್‌ಎ ಸಿಕ್ಕರೂ ಜೇನುನೊಣದ ದೇಹ ವೈರಸ್ ಬಂತೆಂದು ಎಚ್ಚರಗೊಳ್ಳಬಹುದು. ಆ ಪರಿಣಾಮವನ್ನು ಬೇರೆ ಮಾಡಿ ನೋಡದಿದ್ದರೆ ಲೆಕ್ಕ ಗೊಂದಲವಾಗುತ್ತದೆ.

ಮಣ್ಣಿನ ಅಧ್ಯಾಯ ಮೇಲ್ನೋಟಕ್ಕೆ ಸುಲಭ. ಬರಿಯ ಆರ್‌ಎನ್‌ಎ ಮಣ್ಣಿನಲ್ಲಿ ಒಂದೆರಡು ದಿನದಲ್ಲಿ ಹೆಚ್ಚುಕಮ್ಮಿ ಒಡೆದುಹೋಗುತ್ತದೆ, ಡಿವಿಸ್ನಫ್7 ವಿಷಯದಲ್ಲಿ ಅದನ್ನು ಅಳೆದಿದ್ದಾರೆ. ಆದರೆ ಎಲೆಯ ಮೇಲೆ ಹೆಚ್ಚು ದಿನ ಬಾಳಲಿ ಎಂದು ಆರ್‌ಎನ್‌ಎಯನ್ನು ಜೇಡಿಮಣ್ಣಿನ ಸೂಕ್ಷ್ಮ ಹಾಳೆಗಳಿಗೆ ಅಂಟಿಸುವ ಅಥವಾ ಪಾಲಿಮರಿನಲ್ಲಿ ಸುತ್ತುವ ಪ್ರಯತ್ನಗಳು ನಡೆದಿವೆ. ಹಾಗೆ ಮಾಡಿದ ಮಾಲಿಗೆ ಬರಿಯ ಆರ್‌ಎನ್‌ಎಯ ಅಂಕಿ ತೋರಿಸುವುದು ಸರಿಯಲ್ಲ. ರೈತ ಸಿಂಪಡಿಸುವುದು ಯಾವುದನ್ನೋ ಅದನ್ನೇ ಪರೀಕ್ಷಿಸಬೇಕು ಎಂದು ನಮ್ಮ ತಂಡದಲ್ಲಿ ಹಟ ಹಿಡಿದೆ. ಖರ್ಚು ಹೆಚ್ಚಾಯಿತು, ಆದರೂ ಮಾಡಿದೆವು.

ಇದು ಕುಲಾಂತರಿಯೇ ಎಂಬ ಪ್ರಶ್ನೆ ಎಲ್ಲ ಕಡೆ ಬರುತ್ತದೆ. ಸಿಂಪಡಿಸಿದ ಆರ್‌ಎನ್‌ಎ ಡಿಎನ್‌ಎಯನ್ನು ಬದಲಿಸುವುದಿಲ್ಲ. ನ್ಯೂಜಿಲೆಂಡ್ 2018ರಲ್ಲಿ, ಆಸ್ಟ್ರೇಲಿಯಾ 2019ರಲ್ಲಿ ಇಂಥ ಬಳಕೆಯನ್ನು ಕುಲಾಂತರಿ ನಿಯಮದಿಂದ ಹೊರಗಿಟ್ಟವು. ಆದರೆ ಕೀಟನಾಶಕದ ನಿಯಮ ಹಾಗೇ ಇರುತ್ತದೆ. ಇದು ಸರಿಯಾದ ದಾರಿ ಎಂದೇ ನನ್ನ ಅಭಿಪ್ರಾಯ.

ಫೈಲಿನಲ್ಲಿ ತೆಳ್ಳಗಿರುವ, ದಪ್ಪವಾಗಲೇಬೇಕಾದ ಭಾಗ ಕೀಟದ ನಿರೋಧಕ ಶಕ್ತಿಯದು. ‘ಕೀಟ ಒಗ್ಗಿಕೊಂಡರೆ ಅನುಕ್ರಮ ಬದಲಿಸಿದರಾಯಿತು’ ಎಂಬ ಮಾತು ಆಗಾಗ ಕೇಳುತ್ತೇನೆ. ಲ್ಯಾಬಿನಲ್ಲಿ ಬೆಳೆಸಿದ ನಿರೋಧಕ ಬೇರುಹುಳಗಳು ಬೇರೆಯೇ ಹೇಳಿದವು. 2018ರ ಆ ಪ್ರಯೋಗದಲ್ಲಿ ಹುಳದ ಕರುಳು ಆರ್‌ಎನ್‌ಎಯನ್ನು ಒಳಗೆ ತೆಗೆದುಕೊಳ್ಳುವುದೇ ಕಡಿಮೆಯಾಗಿತ್ತು. ಹಾಗಾಗಿ ಬೇರೆ ಜೀನಿನ ಮೇಲಿನ ಆರ್‌ಎನ್‌ಎ ಕೊಟ್ಟರೂ ನಡೆಯಲಿಲ್ಲ. 2021ರಲ್ಲಿ ಕೊಲೊರಾಡೋ ಜೀರುಂಡೆಯೂ ಲ್ಯಾಬಿನಲ್ಲಿ 11,000 ಪಟ್ಟಿಗಿಂತ ಹೆಚ್ಚು ನಿರೋಧಕವಾಯಿತು. ಅದಕ್ಕೆ ನಮ್ಮ ಲೇಬಲ್ಲಿನ ಕರಡಿನಲ್ಲಿ ಎರಡು ಮಾತು ಸೇರಿಸಿದೆ. ಬೇರೆ ರೀತಿಯಲ್ಲಿ ಕೆಲಸ ಮಾಡುವ ಔಷಧಿಯೊಂದಿಗೆ ಸರದಿಯಲ್ಲಿ ಬಳಸಬೇಕು. ಒಂದು ಆರ್‌ಎನ್‌ಎ ಬದಲು ಇನ್ನೊಂದು ಆರ್‌ಎನ್‌ಎ ಸಿಂಪಡಿಸಿದರೆ ಅದನ್ನು ಸರದಿ ಎಂದು ಎಣಿಸುವಂತಿಲ್ಲ.