ಹಾಟ್ ಸೆಟ್ ಅಂದರೆ ಬಿಸಿ ಅಲ್ಲ: ಶೂಟಿಂಗ್ ಭಾಷೆ ಕಲಿಯುವುದು ಹೇಗೆ

ಸೆಟ್ಟಿಗೆ ಹೋದ ಮೊದಲ ದಿನವೇ ಬಾಯಾರಿತ್ತು. ಮೇಜಿನ ಮೇಲಿದ್ದ ಜ್ಯೂಸ್ ಲೋಟ ಎತ್ತಿ ಎರಡು ಗುಟುಕು ಕುಡಿದುಬಿಟ್ಟೆ. ಪಕ್ಕದಲ್ಲೇ 'ಹಾಟ್ ಸೆಟ್' ಅಂತ ಕಾಗದ ಅಂಟಿಸಿದ್ದರು. ಲೈಟಿನ ಬಿಸಿಗೆ ಹಾಗೆ ಬರೆದಿರಬೇಕು ಅಂದುಕೊಂಡಿದ್ದೆ. ಅಸಲಿಗೆ ಅದರ ಅರ್ಥ, ಸೀನ್ ಇನ್ನೂ ಮುಗಿದಿಲ್ಲ, ಏನನ್ನೂ ಮುಟ್ಟಬೇಡಿ ಅಂತ. ಕಂಟಿನ್ಯುಟಿ, ಅಂದರೆ ಶಾಟಿನಿಂದ ಶಾಟಿಗೆ ಎಲ್ಲ ಒಂದೇ ಥರ ಇರುವುದನ್ನು, ನೋಡಿಕೊಳ್ಳುತ್ತಿದ್ದ ಅಕ್ಕ ಹಿಂದಿನ ಶಾಟಿನ ಫೋಟೋ ಎದುರಿಗಿಟ್ಟುಕೊಂಡು, ಜ್ಯೂಸ್ ಮೊದಲಿದ್ದ ಗೆರೆಗೆ ಬರುವವರೆಗೆ ಚಮಚದಲ್ಲಿ ತುಂಬಿಸಿದರು. ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಅವತ್ತಿನಿಂದ ಯಾವ ಪದ ಕೇಳಿದರೂ ಮೊದಲು ವಿಚಾರಿಸುವುದು ಒಂದೇ: ಇದು ಕಿವಿಗೆ ಬಿದ್ದರೆ ನಾನೇನು ಮಾಡಬೇಕು? ನೀವೂ ಹಾಗೇ ಕಲಿಯಿರಿ.

ಶಾಟ್ ಶುರುವಾಗುವಾಗ ಕೂಗುವ ಸಾಲನ್ನು ಮೊದಲು ಬಾಯಿಪಾಠ ಮಾಡಿ. 'ಸೈಲೆನ್ಸ್' ಅಂದರೆ ನಿಂತಲ್ಲೇ ನಿಲ್ಲಿ, ಚಪ್ಪಲಿ ಸದ್ದೂ ಬೇಡ. 'ರೋಲ್ ಸೌಂಡ್' ಅಂದಾಗ ಸೌಂಡ್‌ನವರು ರೆಕಾರ್ಡಿಂಗ್ ಶುರು ಮಾಡಿ 'ಸ್ಪೀಡ್' ಅನ್ನುತ್ತಾರೆ. ಟೇಪಿನ ಕಾಲದಲ್ಲಿ ಯಂತ್ರ ಸರಿಯಾದ ವೇಗಕ್ಕೆ ಬರಲು ಒಂದು ಗಳಿಗೆ ಬೇಕಿತ್ತು. ಟೇಪ್ ಹೋಯಿತು, ಮಾತು ಉಳಿಯಿತು. ಆಮೇಲೆ 'ರೋಲ್ ಕ್ಯಾಮೆರಾ', ಅತ್ತಲಿಂದ 'ರೋಲಿಂಗ್'. ಈಗ ಕ್ಲಾಪ್ ಸರದಿ.

ಕ್ಲಾಪ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಎರಡು ವರ್ಷ ಅದೇ ನನ್ನ ಕೆಲಸವಾಗಿತ್ತು. ಕ್ಲಾಪ್ ಅಂದರೆ ಮೇಲಂಚಿನಲ್ಲಿ ಬಡಿಯುವ ಕಡ್ಡಿ ಇರುವ ಹಲಗೆ. ಅದರ ಮೇಲೆ ಸೀನ್, ಶಾಟ್, ಟೇಕ್ ಅಂತ ಮೂರು ಖಾನೆ. ಸೀನ್ ಅಂದರೆ ಒಂದು ಜಾಗದಲ್ಲಿ, ಒಂದು ಹೊತ್ತಿನಲ್ಲಿ ನಡೆಯುವ ಕಥೆಯ ತುಂಡು. ಅದನ್ನು ಕ್ಯಾಮೆರಾ ಒಂದು ಕಡೆಯಿಂದ ನೋಡಿದರೆ ಶಾಟ್. ಅದೇ ಶಾಟನ್ನು ಎಷ್ಟನೇ ಸಲ ತೆಗೆಯುತ್ತಿದ್ದೇವೆ ಅನ್ನುವುದು ಟೇಕ್. 'ಸೀನ್ 24, ಶಾಟ್ 3, ಟೇಕ್ 5' ಅಂತ ಓದಿ, 'ಮಾರ್ಕ್' ಅಂದು, ಒಂದೇ ಏಟು. ಕಡ್ಡಿ ಕೂಡಿದ ಫ್ರೇಮ್, ಅಂದರೆ ಆ ಕ್ಷಣದ ಒಂದು ಬಿಡಿಚಿತ್ರ, ಕ್ಯಾಮೆರಾ ತೆಗೆದ ಚಿತ್ರದಲ್ಲಿರುತ್ತದೆ, 'ಟಪ್' ಅನ್ನುವ ಸದ್ದು ಬೇರೆ ಫೈಲಿನಲ್ಲಿ. ಎಡಿಟರ್ ಎರಡನ್ನೂ ಅಲ್ಲಿಗೆ ತಂದು ಕೂಡಿಸುತ್ತಾರೆ. ಸೆಕೆಂಡಿಗೆ 24 ಫ್ರೇಮ್ ಅಂದರೆ ಒಂದು ಫ್ರೇಮ್ ಸುಮಾರು 42 ಮಿಲಿಸೆಕೆಂಡ್. ಮೂರ್ನಾಲ್ಕು ಫ್ರೇಮ್ ಜಾರಿದರೆ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಅದಕ್ಕೇ ಹೊಡೆದ ಮೇಲೆ ಕೈ ಅಲ್ಲಾಡಿಸದೆ ಒಂದು ಕ್ಷಣ ಹಿಡಿದು, ಆಮೇಲೆ ಓಡಿ. ನಾನು ಹೊಡೆಯುತ್ತಲೇ ಓಡುತ್ತಿದ್ದೆ, ಹಲಗೆ ಮಸುಕು ಮಸುಕು! ಮೊದಲ ಏಟು ಸಿಗದಿದ್ದರೆ 'ಸೆಕೆಂಡ್ ಸ್ಟಿಕ್ಸ್' ಅಂದು ಮತ್ತೆ ಹೊಡೆಯಬೇಕು. ನಟರ ಮೂಗಿನ ಹತ್ತಿರ ಇದ್ದರೆ 'ಸಾಫ್ಟ್ ಸ್ಟಿಕ್ಸ್', ಅಂದರೆ ಮೆಲ್ಲಗೆ. ಶುರುವಿನಲ್ಲಿ ಹೊಡೆಯಲು ಆಗದಿದ್ದರೆ ಶಾಟ್ ಕೊನೆಗೆ ಹಲಗೆ ತಲೆಕೆಳಗೆ ಹಿಡಿದು ಹೊಡೆಯಿರಿ. ಅದು ಎಂಡ್ ಬೋರ್ಡ್.

'ಕಟ್' ಅನ್ನುವುದು ನಿರ್ದೇಶಕರ ಮಾತು. ನಟರು ಡೈಲಾಗ್ ಮರೆತರೂ ನೀವು ಅನ್ನಬೇಡಿ. 'ಬ್ಯಾಕ್ ಟು ಒನ್' ಅಂದರೆ ಎಲ್ಲರೂ ಶುರುವಿನ ಜಾಗಕ್ಕೆ. 'ಕ್ಯಾಮೆರಾ ಲೆಫ್ಟ್' ಅಂದರೆ ಕ್ಯಾಮೆರಾ ಹಿಂದೆ ನಿಂತವರ ಎಡ. ಎದುರಿಗಿರುವ ನಟರಿಗೆ ಅದು ಬಲ. 'ಸ್ಟ್ರೈಕ್' ಸ್ವಲ್ಪ ತಲೆ ತಿನ್ನುವ ಪದ. 'ಕುರ್ಚಿ ಸ್ಟ್ರೈಕ್ ಮಾಡಿ' ಅಂದರೆ ಅಲ್ಲಿಂದ ತೆಗೆಯಿರಿ. ಲೈಟ್‌ನವರು 'ಸ್ಟ್ರೈಕಿಂಗ್' ಅಂತ ಕೂಗಿದರೆ ದೊಡ್ಡ ಲೈಟ್ ಹೊತ್ತುತ್ತಿದೆ, ಆ ಕಡೆ ನೋಡಬೇಡಿ. 'ಆಪಲ್ ಬಾಕ್ಸ್' ತಾ ಅಂದರೆ ಹಣ್ಣು ಹುಡುಕಬೇಡಿ, 8 ಇಂಚು ಎತ್ತರದ ಮರದ ಪೆಟ್ಟಿಗೆ ಅದು. ಅದರಲ್ಲೇ 1 ಇಂಚಿನದು 'ಪ್ಯಾನ್‌ಕೇಕ್'.

'ರೂಮ್ ಟೋನ್' ಅಂದಾಗ ಅರ್ಧ ನಿಮಿಷವೋ ಒಂದು ನಿಮಿಷವೋ ಎಲ್ಲರೂ ಕಲ್ಲಿನಂತೆ ನಿಲ್ಲಬೇಕು. ಯಾರೂ ಮಾತಾಡದ ಕೋಣೆಯ ಸದ್ದನ್ನು ರೆಕಾರ್ಡ್ ಮಾಡುತ್ತಾರೆ. ಸುಮ್ನೆ ಟೈಮ್ ವೇಸ್ಟ್ ಅನ್ನಿಸುತ್ತೆ ಅಲ್ವಾ? ಮಾತು ಕತ್ತರಿಸಿದ ಜಾಗಕ್ಕೆ ಎಡಿಟರ್ ಹಾಕುವ ತೇಪೆ ಅದೇ.

ದಿನದ ಕೊನೆಯ ಶಾಟಿಗೆ 'ಮಾರ್ಟಿನಿ', ಅದರ ಹಿಂದಿನದಕ್ಕೆ 'ಆ್ಯಬಿ ಸಿಂಗರ್' ಅನ್ನುವ ರೂಢಿ ಹಾಲಿವುಡ್‌ನದು. ಆ್ಯಬಿ ಸಿಂಗರ್ ನಿಜವಾದ ಮನುಷ್ಯ, ಅಲ್ಲಿ ಸಹಾಯಕ ನಿರ್ದೇಶಕರಾಗಿದ್ದವರು. 'ಇದೊಂದು, ಇನ್ನೊಂದು' ಅಂತ ಮೊದಲೇ ಎಚ್ಚರಿಸುತ್ತಿದ್ದರಂತೆ. ಆ ಹೆಸರು ಕೇಳಿದ ಕೂಡಲೇ ಬ್ಯಾಗ್ ಹೆಗಲಿಗೇರಿಸಬೇಡಿ. ನಾನು ಹಾಗೆ ಮಾಡಿದ ದಿನ ಕೊನೆಯ ಶಾಟ್ 17ನೇ ಟೇಕಿಗೆ ಹೋಯಿತು.