ಹೊಸ ಡ್ಯಾಕ್ ಬಂತಾ? ಮೊದಲು ಸೆಟಪ್, ಆಮೇಲೆ ತೀರ್ಪು

ದುಬಾರಿ ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪ್ಲಿಫೈಯರ್‌ಗೆ ಬೇಕಾದ ವಿದ್ಯುತ್ ಸಿಗ್ನಲ್ ಮಾಡುವ ಪೆಟ್ಟಿಗೆ) ಮನೆಗೆ ಬಂದ ದಿನ ಬಹಳ ಜನ ಮಾಡುವುದು ಒಂದೇ. ಡಬ್ಬ ಬಿಚ್ಚಿ, ಯುಎಸ್‌ಬಿ ಕೇಬಲ್ ಸಿಕ್ಕಿಸಿ, ಇಷ್ಟದ ಹಾಡು ಹಾಕಿ, ಹಾಡು ಮುಗಿಯುವ ಮುಂಚೆಯೇ "ಅಬ್ಬಾ, ಏನು ಬೇಸ್, ಏನು ಕ್ಲಾರಿಟಿ" ಅಂದುಬಿಡುತ್ತಾರೆ. ಇಲ್ಲವೇ "ಏನೂ ಫರಕ್ಕಿಲ್ಲ, ದುಡ್ಡು ದಂಡ" ಅನ್ನುತ್ತಾರೆ. ಮೊದಲನೆಯವರು ಕೇಳಿದ್ದು ಹೆಚ್ಚೂಕಮ್ಮಿ ಯಾವಾಗಲೂ ಜಾಸ್ತಿಯಾದ ವಾಲ್ಯೂಮ್. ಎರಡನೆಯವರದ್ದು ಬಹಳ ಸಲ ಕಂಪ್ಯೂಟರ್ ತನ್ನದೇ ಎಫೆಕ್ಟ್ ಸೇರಿಸಿ ಕಳಿಸಿದ ಸಿಗ್ನಲ್. ಡ್ಯಾಕ್ ಹೇಗಿದೆ ಅಂತ ಇಬ್ಬರಿಗೂ ಇನ್ನೂ ಗೊತ್ತಾಗಿಲ್ಲ. ಗೆಳೆಯರ ಮನೆಗಳಲ್ಲಿ ಇದನ್ನೇ ನೋಡಿ ನೋಡಿ ಈ ಲೇಖನ ಬರೆಯುತ್ತಿದ್ದೇನೆ.

ಡ್ಯಾಕ್ ಮಾಡುವ ಕೆಲಸ ಸರಳ. ಸಿಡಿಯಲ್ಲಿ ಪ್ರತಿ ಸೆಕೆಂಡಿಗೆ, ಒಂದೊಂದು ಚಾನೆಲ್‌ಗೂ 44,100 ಅಂಕಿಗಳು ಇರುತ್ತವೆ, ಒಂದೊಂದೂ 16 ಬಿಟ್. ಆ ಅಂಕಿಗಳನ್ನು ವೋಲ್ಟೇಜ್ ಮಾಡಿ ಆಂಪ್ಲಿಫೈಯರ್‌ಗೆ ಕೊಡುವುದು ಡ್ಯಾಕ್. ನಿಮ್ಮ ಫೋನ್, ಟಿವಿ, ಲ್ಯಾಪ್‌ಟಾಪ್ ಎಲ್ಲದರಲ್ಲೂ ಒಂದಿದೆ. ಇಂದಿನ ಒಳ್ಳೆಯ ಡ್ಯಾಕ್‌ಗಳ ನಡುವಿನ ವ್ಯತ್ಯಾಸ ಸಣ್ಣದು, ಇದನ್ನು ಮೊದಲೇ ಒಪ್ಪಿಕೊಳ್ಳಬೇಕು. ಸ್ಪೀಕರ್ ಬದಲಿಸಿದಾಗ, ಅಷ್ಟೇಕೆ, ಇರುವ ಸ್ಪೀಕರನ್ನೇ ಗೋಡೆಯಿಂದ ಒಂದು ಅಡಿ ಮುಂದೆ ತಂದಾಗ ಆಗುವ ಬದಲಾವಣೆ ಇದಕ್ಕಿಂತ ಎಷ್ಟೋ ದೊಡ್ಡದು. ಸಣ್ಣ ವ್ಯತ್ಯಾಸ ಅಂದಮೇಲೆ ಅದನ್ನು ಕೇಳಲು ಜಾಸ್ತಿ ಎಚ್ಚರ ಬೇಕು, ಅಲ್ವಾ?

ಜೋಡಣೆ

ಎಲ್ಲವನ್ನೂ ಆಫ್ ಮಾಡಿ ಕೇಬಲ್ ಜೋಡಿಸಿ. ಮೊದಲು ಡ್ಯಾಕ್ ಆನ್, ಕೊನೆಗೆ ಆಂಪ್ ಆನ್. ಆಫ್ ಮಾಡುವಾಗ ಉಲ್ಟಾ. ಅಷ್ಟೇ.

ಒಂದು ವಿಷಯ ಮಾತ್ರ ತಪ್ಪಬಾರದು. ಈಗಿನ ಹಲವು ಡ್ಯಾಕ್‌ಗಳಲ್ಲಿ ಎರಡು ಮೋಡ್ ಇರುತ್ತವೆ. ಒಂದು ಫಿಕ್ಸೆಡ್, ಅಂದರೆ ಯಾವಾಗಲೂ ಪೂರ್ತಿ ಔಟ್‌ಪುಟ್. ಇನ್ನೊಂದು ಪ್ರೀಆಂಪ್, ಅಂದರೆ ಡ್ಯಾಕ್‌ನಲ್ಲೇ ವಾಲ್ಯೂಮ್. ನಿಮ್ಮದು ವಾಲ್ಯೂಮ್ ಗುಂಡಿಯೇ ಇಲ್ಲದ ಪವರ್ ಆಂಪ್ ಅಥವಾ ಆಕ್ಟಿವ್ ಸ್ಪೀಕರ್ (ಆಂಪ್ ಒಳಗೇ ಇರುವ ಸ್ಪೀಕರ್) ಆಗಿದ್ದು, ಡ್ಯಾಕ್ ಫಿಕ್ಸೆಡ್‌ನಲ್ಲಿದ್ದರೆ, ಮೊದಲ ಹಾಡಿಗೇ ಟ್ವೀಟರ್, ಅಂದರೆ ಸ್ಪೀಕರ್‌ನೊಳಗೆ ತೀಕ್ಷ್ಣ ಸ್ವರ ನುಡಿಸುವ ಸಣ್ಣ ಭಾಗ, ಸುಟ್ಟುಹೋಗಬಹುದು. ಆಂಪ್ ಆನ್ ಮಾಡುವ ಮುಂಚೆ ಡ್ಯಾಕ್‌ನ ಮೆನುಗೆ ಹೋಗಿ ಕಣ್ಣಾರೆ ನೋಡಿ.

ಯಾವ ಇನ್‌ಪುಟ್? ಕಂಪ್ಯೂಟರ್‌ನಿಂದ ಆದರೆ ಯುಎಸ್‌ಬಿ. ಈಗಿನ ಡ್ಯಾಕ್‌ಗಳು ಅಸಿಂಕ್ರೋನಸ್ ರೀತಿಯಲ್ಲಿ ಕೆಲಸ ಮಾಡುತ್ತವೆ, ಅಂದರೆ ಡೇಟಾ ಎಷ್ಟು ವೇಗವಾಗಿ ಬರಬೇಕು ಅಂತ ಹೇಳುವುದು ಡ್ಯಾಕ್‌ನ ಒಳಗಿನ ಗಡಿಯಾರವೇ, ಕಂಪ್ಯೂಟರ್ ಅಲ್ಲ. ಟಿವಿ, ಸಿಡಿ ಪ್ಲೇಯರ್ ಆದರೆ ಆಪ್ಟಿಕಲ್. ಕೋಆಕ್ಸಿಯಲ್ ಬಳಸುವುದಾದರೆ 75 ಓಮ್ ಕೇಬಲ್ ಇರಲಿ. ಸಾವಿರಾರು ರೂಪಾಯಿಯ ಬೆಳ್ಳಿ ಯುಎಸ್‌ಬಿ ಕೇಬಲ್ ಬೇಡವೇ ಬೇಡ. ಪ್ರಿಂಟರ್‌ಗೆ ಬರುವಂಥ, ಉದ್ದ ಕಡಿಮೆ ಇರುವ, ಗಟ್ಟಿಯಾಗಿ ಕೂರುವ ಕೇಬಲ್ ಸಾಕು. ಯುಎಸ್‌ಬಿ ಕೇಬಲ್ ಕೆಟ್ಟಿದ್ದರೆ ಟಪ್ ಟಪ್ ಅಂತ ಶಬ್ದ ಬರುತ್ತದೆ, ಹಾಡು ತುಂಡು ತುಂಡಾಗುತ್ತದೆ. ಬೇಸ್ ಮಾತ್ರ ಕಡಿಮೆಯಾಗುವುದು ಅಂತೇನಿಲ್ಲ.

ಕಂಪ್ಯೂಟರ್ ಒಳಗಿನ ದಾರಿ

ಕಂಪ್ಯೂಟರ್ ಒಂದೇ ಹೊತ್ತಿಗೆ ಹಾಡು, ಬ್ರೌಸರ್, ಮೆಸೇಜ್ ಬಂದ ಟಿಂಗ್ ಶಬ್ದ ಎಲ್ಲವನ್ನೂ ಕೇಳಿಸಬೇಕು. ಅದಕ್ಕಾಗಿ ಎಲ್ಲವನ್ನೂ ಒಂದೇ ಸ್ಯಾಂಪಲ್ ರೇಟಿಗೆ (ಸೆಕೆಂಡಿಗೆ ಎಷ್ಟು ಅಂಕಿ ಅನ್ನುವ ಲೆಕ್ಕ) ತಂದು ತನ್ನ ಮಿಕ್ಸರ್‌ನಲ್ಲಿ ಬೆರೆಸುತ್ತದೆ. ಬಹಳ ಕಡೆ ಅದು 48 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 48,000 ಅಂಕಿ. ಸಿಡಿಯಿಂದ ಬಂದ ಹಾಡು 44.1. ಅಲ್ಲಿಗೆ ನಿಮ್ಮ ಹಾಡಿನ ಪ್ರತಿಯೊಂದು ಅಂಕಿಯೂ ಹೊಸದಾಗಿ ಲೆಕ್ಕ ಹಾಕಿದ ಅಂಕಿ. ಇದರಿಂದ ಹಾಡು ಹಾಳಾಗಿಬಿಡುತ್ತದೆ ಅಂತ ಹೇಳುತ್ತಿಲ್ಲ, ಒಳ್ಳೆಯ ರೀಸ್ಯಾಂಪ್ಲಿಂಗ್ ಕಿವಿಗೆ ಗೊತ್ತಾಗುವುದು ಕಷ್ಟ. ಆದರೆ ಅದೇ ದಾರಿಯಲ್ಲಿ ಲೌಡ್‌ನೆಸ್, ಈಕ್ವಲೈಜರ್, ಸರೌಂಡ್ ಎಫೆಕ್ಟ್‌ಗಳೂ ಕೂತಿರುತ್ತವೆ, ಲ್ಯಾಪ್‌ಟಾಪ್ ಜೊತೆ ಬಂದ ಸಾಫ್ಟ್‌ವೇರ್ ಕೆಲವನ್ನು ಕೇಳದೆಯೇ ಆನ್ ಮಾಡಿರುತ್ತದೆ. ಅವು ಮಾತ್ರ ಚೆನ್ನಾಗೇ ಕೇಳಿಸುತ್ತವೆ.

ವಿಂಡೋಸ್ ಆದರೆ ಪ್ಲೇಯರ್‌ನ ಔಟ್‌ಪುಟ್ ಸೆಟ್ಟಿಂಗ್‌ನಲ್ಲಿ ವಾಸಪಿ ಎಕ್ಸ್‌ಕ್ಲೂಸಿವ್ ಆರಿಸಿ, ಇಲ್ಲವೇ ತಯಾರಕರ ಡ್ರೈವರ್ ಹಾಕಿ ಎಎಸ್‌ಐಒ ಆರಿಸಿ. ಎರಡೂ ಈ ಬೆರೆಸುವ ದಾರಿ ಬಿಟ್ಟು ಹಾಡನ್ನು ನೇರ ಡ್ಯಾಕ್‌ಗೆ ಕಳಿಸುತ್ತವೆ. ವಿಂಡೋಸ್ 10ರಲ್ಲಿ 2017ರಿಂದ ಯುಎಸ್‌ಬಿ ಆಡಿಯೊ ಕ್ಲಾಸ್ 2ಕ್ಕೆ (ಈಗಿನ ಯುಎಸ್‌ಬಿ ಡ್ಯಾಕ್‌ಗಳು ಬಳಸುವ ಮಾನದಂಡ) ಡ್ರೈವರ್ ಒಳಗೇ ಇದೆ, ಆದ್ದರಿಂದ ಡ್ರೈವರ್ ಹಾಕದಿದ್ದರೂ ಹಾಡು ಬರುತ್ತದೆ. ಮ್ಯಾಕ್‌ನಲ್ಲಿ ಆಡಿಯೊ ಮಿಡಿ ಸೆಟಪ್ ಅನ್ನೋ ಆಪ್ ತೆರೆದು ಅಲ್ಲಿ ರೇಟ್ ಹೊಂದಿಸಿ. ಆಂಡ್ರಾಯ್ಡ್ ಫೋನ್‌ಗಳಲ್ಲಿ ಸಾಮಾನ್ಯವಾಗಿ ಎಲ್ಲವೂ ಒಂದೇ ರೇಟಿಗೆ ಬದಲಾಗಿಯೇ ಹೊರಗೆ ಬರುತ್ತದೆ. ತನ್ನದೇ ಯುಎಸ್‌ಬಿ ಡ್ರೈವರ್ ಇರುವ ಪ್ಲೇಯರ್ ಆಪ್ ಬಳಸಿದರೆ ಅದು ತಪ್ಪುತ್ತದೆ.

ಸರಿಯಾಗಿದೆಯಾ ಅಂತ ತಿಳಿಯೋದು ಹೇಗೆ? ಡ್ಯಾಕ್‌ನ ಪರದೆ ನೋಡಿ. ಸಿಡಿಯಿಂದ ತೆಗೆದ ಒಂದು ಫ್ಲ್ಯಾಕ್ ಫೈಲ್ (ಹಾಡಿನಲ್ಲಿ ಏನೂ ಕಳೆಯದೆ ಕುಗ್ಗಿಸಿದ ಫೈಲ್) ಹಾಕಿ, 44.1 ಅಂತ ತೋರಿಸಬೇಕು. ಆಮೇಲೆ 96ರ ಫೈಲ್ ಹಾಕಿ. ಒಂದು ಕ್ಷಣ ಸದ್ದು ನಿಂತು, ಒಳಗೆ ರಿಲೇ ಇದ್ದರೆ ಟಿಕ್ ಅಂದು, ಪರದೆ 96ಕ್ಕೆ ಬದಲಾಗಬೇಕು. ಯಾವ ಫೈಲ್ ಹಾಕಿದರೂ 48 ಅಂತಲೇ ನಿಂತಿದ್ದರೆ ಸಿಗ್ನಲ್ ಇನ್ನೂ ಮಿಕ್ಸರ್ ಮೂಲಕವೇ ಬರುತ್ತಿದೆ. ಪರದೆಯಲ್ಲಿ 384 ಕಂಡರೆ ಖುಷಿ ಅಂತ ವಿಂಡೋಸ್‌ನಲ್ಲಿ ದೊಡ್ಡ ಅಂಕಿ ಇಟ್ಟುಕೊಳ್ಳುವವರಿದ್ದಾರೆ. ಸುಮ್ನೆ ಹಾಗೆ ಮಾಡಬೇಡಿ. ಇಲ್ಲದ ಮಾಹಿತಿ ಅದರಿಂದ ಹುಟ್ಟುವುದಿಲ್ಲ.

ಗುಂಯ್ ಅನ್ನುವ ಸದ್ದು ಇದ್ದರೆ

ಹಾಡು ನಿಲ್ಲಿಸಿ, ಸ್ಪೀಕರ್ ಹತ್ತಿರ ಕಿವಿ ಇಡಿ. ಗುಂಯ್ ಅನ್ನುತ್ತಿದ್ದರೆ, ಅಥವಾ ಮೌಸ್ ಅಲ್ಲಾಡಿಸಿದಾಗ ಕಿರ್ರ್ ಅಂದರೆ, ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಸಾಧನಗಳ ಅರ್ತ್ ಮತ್ತು ಕೇಬಲ್‌ಗಳ ಮೂಲಕ ಸುತ್ತು ಹಾಕುವ ಬೇಡದ ಕರೆಂಟ್. ಕಂಪ್ಯೂಟರ್, ಡ್ಯಾಕ್, ಆಂಪ್ ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ. ಆದರೂ ಹೋಗದಿದ್ದರೆ ಆಪ್ಟಿಕಲ್ ಬಳಸಿ, ಅದರಲ್ಲಿ ಹೋಗುವುದು ಬೆಳಕು, ಹಾಗಾಗಿ ಕರೆಂಟಿನ ಕೊಂಡಿಯೇ ಇರುವುದಿಲ್ಲ. ಯುಎಸ್‌ಬಿಯಲ್ಲೇ ಆ ಕೊಂಡಿ ತಪ್ಪಿಸುವ ಯುಎಸ್‌ಬಿ ಐಸೊಲೇಟರ್ ಕೂಡ ಆಗುತ್ತದೆ. ಪ್ಲಗ್‌ನ ಅರ್ತ್ ಪಿನ್ ಮುರಿದು ಹಾಕಿದರೆ ಸದ್ದು ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಒಳಗೆ ಏನಾದರೂ ಕೆಟ್ಟರೆ ಪೆಟ್ಟಿಗೆಯ ಲೋಹದ ಮೈಯಲ್ಲೇ ಕರೆಂಟ್ ನಿಂತಿರುತ್ತದೆ. ಜೀವದ ವಿಷಯ ಇದು.

ವಾಲ್ಯೂಮ್ ಸಮ ಮಾಡುವುದು

ಎಲ್ಲರೂ ಬಿಟ್ಟುಬಿಡುವ ಹೆಜ್ಜೆ ಇದು, ನನ್ನ ಪ್ರಕಾರ ಇದಿಲ್ಲದೆ ಎರಡು ಡ್ಯಾಕ್ ಹೋಲಿಸುವುದರಲ್ಲಿ ಅರ್ಥವೇ ಇಲ್ಲ.

ಎರಡು ಹಾಡುಗಳಲ್ಲಿ ಒಂದು ತುಂಬ ಜೋರಾಗಿದ್ದರೆ "ಇದು ಜೋರು" ಅಂತ ಗೊತ್ತಾಗುತ್ತದೆ. ವ್ಯತ್ಯಾಸ ಅರ್ಧ ಡೆಸಿಬಲ್, ಒಂದು ಡೆಸಿಬಲ್ ಇದ್ದಾಗ ಕಿವಿ ಅದನ್ನು ಜೋರು ಅಂತ ಗುರುತಿಸುವುದಿಲ್ಲ. ಬೇಸ್ ತುಂಬಿಕೊಂಡಿದೆ, ದನಿ ಮುಂದೆ ಬಂದಿದೆ, ವಿವರ ಜಾಸ್ತಿ ಇದೆ ಅಂತ ಅನ್ನಿಸುತ್ತದೆ. ಡ್ಯಾಕ್‌ಗಳ ಔಟ್‌ಪುಟ್ ಒಂದೇ ಥರ ಇರುವುದಿಲ್ಲ. ಆರ್‌ಸಿಎ (ಕೆಂಪು-ಬಿಳಿ ಬಣ್ಣದ ಸಾಧಾರಣ ಸಾಕೆಟ್) ಔಟ್‌ಪುಟ್‌ನಲ್ಲಿ 2 ವೋಲ್ಟ್ ರೂಢಿ, ಎಕ್ಸ್‌ಎಲ್‌ಆರ್‌ನಲ್ಲಿ (ಮೂರು ಪಿನ್ನಿನ, ಬ್ಯಾಲೆನ್ಸ್ಡ್ ಅನ್ನುವ ಸಾಕೆಟ್) ಬಹಳ ಕಡೆ 4 ವೋಲ್ಟ್. ಇದು 6 ಡೆಸಿಬಲ್ ವ್ಯತ್ಯಾಸ. ಹಳೆಯ ಡ್ಯಾಕನ್ನು ಆರ್‌ಸಿಎಯಲ್ಲಿ, ಹೊಸದನ್ನು ಎಕ್ಸ್‌ಎಲ್‌ಆರ್‌ನಲ್ಲಿ ಕೇಳಿ "ಬ್ಯಾಲೆನ್ಸ್ಡ್ ಅಂದ್ರೆ ಬ್ಯಾಲೆನ್ಸ್ಡೇ" ಅನ್ನುವವರು ಕೇಳಿದ್ದು ಈ 6 ಡೆಸಿಬಲ್. ಎರಡೂ ಆರ್‌ಸಿಎ ಆದರೂ ಒಂದು 2 ವೋಲ್ಟ್, ಇನ್ನೊಂದು 2.3 ಇದ್ದರೆ 1.2 ಡೆಸಿಬಲ್ ಆಯಿತು.

ಫೋನ್‌ನ ಸೌಂಡ್ ಮೀಟರ್ ಆಪ್ ಇದಕ್ಕೆ ಸಾಲದು. ಕೈ ಸ್ವಲ್ಪ ಅಲ್ಲಾಡಿದರೂ, ನೀವು ಕೂತ ಭಂಗಿ ಬದಲಾದರೂ ಅಂಕಿ ಬದಲಾಗುತ್ತದೆ. ಬೇಕಾಗಿರುವುದು ಒಂದು ಸಾಧಾರಣ ಮಲ್ಟಿಮೀಟರ್, ಮೂರು ದಶಾಂಶ ಸ್ಥಾನ ತೋರಿಸಿದರೆ ಒಳ್ಳೆಯದು. ಆಡಾಸಿಟಿಯಂಥ ಉಚಿತ ಸಾಫ್ಟ್‌ವೇರ್‌ನಲ್ಲಿ 200 ಹರ್ಟ್ಸ್‌ನ ಸೈನ್ ಟೋನ್ (ಏರಿಳಿತವಿಲ್ಲದ ಒಂದೇ ಸ್ವರ) ಮಾಡಿ, ಮಟ್ಟ ಮೈನಸ್ 12 ಡೆಸಿಬಲ್, ಅಂದರೆ ಗರಿಷ್ಠಕ್ಕಿಂತ 12 ಕೆಳಗೆ ಇರಲಿ. ಬಹಳ ಜನ 1 ಕಿಲೋಹರ್ಟ್ಸ್ ಬಳಸಿ ಅನ್ನುತ್ತಾರೆ. ಆದರೆ ಅಗ್ಗದ ಮೀಟರ್‌ಗಳು ಮನೆ ಕರೆಂಟಿನ ಹತ್ತಿರದ ಫ್ರೀಕ್ವೆನ್ಸಿಗೇ ತಯಾರಾದವು, ಮೇಲೆ ಹೋದಂತೆ ತಪ್ಪು ತೋರಿಸಬಹುದು. 200 ಸಾಕು.

ಆಂಪ್‌ನ ವಾಲ್ಯೂಮ್ ಕೆಳಗಿಟ್ಟು ಟೋನ್ ಹಾಕಿ. ಮೀಟರ್ ಎಸಿ ವೋಲ್ಟ್‌ನಲ್ಲಿ ಇರಲಿ. ಸ್ಪೀಕರ್ ಜೋಡಿಸಿದ ಹಾಗೇ, ಆಂಪ್‌ನ ಒಂದು ಚಾನೆಲ್‌ನ ಕೆಂಪು ಟರ್ಮಿನಲ್‌ಗೆ ಒಂದು ಮೊನೆ, ಕಪ್ಪಿಗೆ ಇನ್ನೊಂದು. ಎರಡು ಮೊನೆಗಳೂ ಒಂದಕ್ಕೊಂದು ತಾಗಬಾರದು, ತಾಗಿದರೆ ಆಂಪ್ ಹೋಗಬಹುದು. ಕೈ ನಡುಗುವವರು ಆಂಪ್ ಆಫ್ ಮಾಡಿ ಕ್ಲಿಪ್ ಹಾಕಿಕೊಂಡು ಆಮೇಲೆ ಆನ್ ಮಾಡಿ. ಹಳೆಯ ಡ್ಯಾಕ್‌ನಲ್ಲಿ ಮೀಟರ್ 0.500 ತೋರಿಸುವ ಹಾಗೆ ಆಂಪ್‌ನ ವಾಲ್ಯೂಮ್ ಹೊಂದಿಸಿ. ಇನ್ನು ಆ ಗುಂಡಿ ಮುಟ್ಟಬೇಡಿ. ಅದೇ ಆಂಪ್‌ನ ಇನ್ನೊಂದು ಇನ್‌ಪುಟ್‌ನಲ್ಲಿರುವ ಹೊಸ ಡ್ಯಾಕ್‌ಗೆ ಬದಲಿಸಿ. 0.575 ಬಂತು ಅಂದುಕೊಳ್ಳಿ. ಅದೇ ಆ 1.2 ಡೆಸಿಬಲ್. ಹೊಸ ಡ್ಯಾಕ್‌ನ ವಾಲ್ಯೂಮನ್ನು ಇಳಿಸುತ್ತಾ 0.500ಕ್ಕೆ ತನ್ನಿ. 0.495ರಿಂದ 0.505ರ ಒಳಗೆ ಬಂದರೆ ಸಾಕು, ಅದು 0.1 ಡೆಸಿಬಲ್‌ಗಿಂತ ಕಡಿಮೆ. ಡ್ಯಾಕ್‌ನ ವಾಲ್ಯೂಮ್ ಅರ್ಧ ಅರ್ಧ ಡೆಸಿಬಲ್‌ನಲ್ಲೇ ಇಳಿಯುತ್ತಿದ್ದರೆ ಅಷ್ಟು ಹತ್ತಿರ ಬರುವುದಿಲ್ಲ. ಆಗ ಪ್ಲೇಯರ್‌ನಲ್ಲಿ 0.1ರ ಲೆಕ್ಕದಲ್ಲಿ ಇಳಿಸಿ. ಡಿಜಿಟಲ್ ವಾಲ್ಯೂಮ್ ಇಳಿಸಿದರೆ ಬಿಟ್ ಹೋಗುತ್ತದೆ ಅಂತ ಹೆದರುವವರಿಗೆ ಒಂದು ಮಾತು. ಒಂದು ಬಿಟ್ ಅಂದರೆ ಸುಮಾರು 6 ಡೆಸಿಬಲ್. 24 ಬಿಟ್ ದಾರಿಯಲ್ಲಿ 48 ಡೆಸಿಬಲ್ ಇಳಿಸಿದರೂ ಇನ್ನೂ 16 ಬಿಟ್ ಉಳಿದಿರುತ್ತದೆ. ಇಲ್ಲಿ ಇಳಿಸುತ್ತಿರುವುದು ಒಂದೆರಡು ಡೆಸಿಬಲ್.

ಹೆಡ್‌ಫೋನ್ ಕೇಳುವವರಿಗೂ ಇದೇ ಕ್ರಮ. ಟೋನ್ ಹಾಕಿ, ಡ್ಯಾಕ್‌ನ ಆರ್‌ಸಿಎ ಔಟ್‌ಪುಟ್‌ನ ನಡುವಿನ ತೂತಿಗೆ ಒಂದು ಮೊನೆ, ಹೊರಗಿನ ಲೋಹಕ್ಕೆ ಒಂದು ಇಟ್ಟು ಎರಡೂ ಡ್ಯಾಕ್ ಅಳೆದು ಸಮ ಮಾಡಿ.

ಸ್ಟ್ರೀಮಿಂಗ್ ಆಪ್‌ನಲ್ಲಿ ವಾಲ್ಯೂಮ್ ನಾರ್ಮಲೈಸೇಶನ್ ಅಂತ ಇರುತ್ತದೆ. ಅದನ್ನು ಆಫ್ ಮಾಡಿ, ಇಲ್ಲದಿದ್ದರೆ ಇಷ್ಟು ಅಳೆದಿದ್ದೂ ವ್ಯರ್ಥ.

ಫಿಲ್ಟರ್ ಮೆನು

ಅಂಕಿಗಳಿಂದ ಅಲೆ ಕಟ್ಟುವಾಗ ಮೇಲ್ಗಡೆ ಹುಟ್ಟುವ ಬೇಡದ ಸದ್ದನ್ನು ತೆಗೆಯುವುದು ಫಿಲ್ಟರ್. ಡ್ಯಾಕ್‌ನ ಮೆನುವಿನಲ್ಲಿ ಶಾರ್ಪ್, ಸ್ಲೋ, ಮಿನಿಮಮ್ ಫೇಸ್ ಅಂತ ಪಟ್ಟಿ ಇರುತ್ತದೆ. ಶಾರ್ಪ್ ಲೀನಿಯರ್ ಇಟ್ಟು ಮುಂದೆ ಹೋಗಿ. ಇವುಗಳ ವ್ಯತ್ಯಾಸ ಬಹುಮಟ್ಟಿಗೆ 20 ಕಿಲೋಹರ್ಟ್ಸ್ ಆಸುಪಾಸಿನಲ್ಲಿ (ಇಲ್ಲಿ ಇದು ಸದ್ದಿನ ಫ್ರೀಕ್ವೆನ್ಸಿ, ಸ್ಯಾಂಪಲ್ ರೇಟ್ ಅಲ್ಲ), ದೊಡ್ಡವರಲ್ಲಿ ಬಹಳ ಜನರ ಕಿವಿ ಅಲ್ಲಿಯವರೆಗೆ ಹೋಗುವುದೇ ಇಲ್ಲ. ಈ ಫಿಲ್ಟರನ್ನೇ ಬಿಟ್ಟುಬಿಡುವ ಎನ್‌ಒಎಸ್ (ನಾನ್-ಓವರ್‌ಸ್ಯಾಂಪ್ಲಿಂಗ್) ಮೋಡ್ ಮಾತ್ರ ಬೇರೆ. ಅದರಲ್ಲಿ 44.1ರ ಹಾಡಿಗೆ 20 ಕಿಲೋಹರ್ಟ್ಸ್‌ನಲ್ಲಿ 3 ಡೆಸಿಬಲ್‌ಗಿಂತ ಸ್ವಲ್ಪ ಜಾಸ್ತಿಯೇ ಇಳಿಯುತ್ತದೆ, ಇಳಿತ ಅದಕ್ಕೂ ಕೆಳಗಿನಿಂದಲೇ ಶುರುವಾಗುತ್ತದೆ. "ಮೃದುವಾದ, ಅನಲಾಗ್ ಥರದ ದನಿ" ಅಂತ ಹೊಗಳುವುದರಲ್ಲಿ ಈ ಇಳಿತದ ಪಾಲು ದೊಡ್ಡದು. ಇಷ್ಟವಾದರೆ ಇಟ್ಟುಕೊಳ್ಳಿ, ಯಾಕೆ ಇಷ್ಟವಾಗುತ್ತಿದೆ ಅನ್ನುವುದು ಗೊತ್ತಿದ್ದರೆ ಸಾಕು.

ಈಗ ಕೇಳಿ

ಅರ್ಧ ಗಂಟೆ ಆನ್ ಇಟ್ಟು ಬೆಚ್ಚಗಾದ ಮೇಲೆ ಶುರು ಮಾಡಿ. 200 ಗಂಟೆ ಓಡಿಸಿದ ಮೇಲೆ ದನಿ ಅರಳುತ್ತದೆ ಅನ್ನುವುದನ್ನು ನಾನು ನಂಬುವುದಿಲ್ಲ, ಅಷ್ಟು ಹೊತ್ತಿನಲ್ಲಿ ಹೊಂದಿಕೊಳ್ಳುವುದು ನಮ್ಮ ಕಿವಿ. ಆ ಮಾತು ನಂಬಿ ಕಾಯುತ್ತಾ ಕೂತರೆ ವಾಪಸ್ ಕೊಡುವ ಗಡುವೇ ಮುಗಿದುಹೋಗುತ್ತದೆ.

ಇಡೀ ಹಾಡು ಒಂದರಲ್ಲಿ, ಆಮೇಲೆ ಇಡೀ ಹಾಡು ಇನ್ನೊಂದರಲ್ಲಿ ಕೇಳಬೇಡಿ. ಸೂಕ್ಷ್ಮ ದನಿಯ ನೆನಪು ಕೆಲವು ಸೆಕೆಂಡ್ ಮಾತ್ರ ಉಳಿಯುತ್ತದೆ. ಹತ್ತು ಸೆಕೆಂಡಿನ ತುಣುಕು ಆರಿಸಿ, ತಕ್ಷಣ ಬದಲಿಸಿ. ಯಾವುದು ಓಡುತ್ತಿದೆ ಅಂತ ಹೇಳದೆ ಮನೆಯವರೊಬ್ಬರು ಬದಲಿಸಲಿ. 16 ಸಲದಲ್ಲಿ 12 ಸಲ ಸರಿ ಹೇಳಿದರೆ ನಿಜವಾಗಿ ಕೇಳಿಸುತ್ತಿದೆ ಅಂತ ಲೆಕ್ಕ, ಸುಮ್ನೆ ಊಹಿಸಿ ಅಷ್ಟು ಸರಿ ಬರುವ ಸಾಧ್ಯತೆ ಶೇ 4ಕ್ಕಿಂತ ಕಡಿಮೆ.

ಏನನ್ನು ಕೇಳಬೇಕು? ಆರ್ಭಟದ ಹಾಡು ಬೇಡ. ತಂಬೂರಿಯೊಂದೇ ಇರುವ ತುಣುಕು ಒಳ್ಳೆಯದು. ತಂತಿ ಮೀಟಿದ ಮೇಲೆ ಜೀವಾಳದಿಂದ (ತಂತಿಯ ಕೆಳಗೆ ಕುದುರೆಯ ಮೇಲಿಡುವ ದಾರ) ಏಳುವ ಮೇಲಿನ ಸ್ವರಗಳು ನಿಧಾನಕ್ಕೆ ಬದಲಾಗುತ್ತಾ ಹೋಗುತ್ತವೆ, ಅದು ಎಲ್ಲಿಯವರೆಗೆ ಕೇಳಿಸುತ್ತದೆ ನೋಡಿ. ಪಿಯಾನೋದ ಕೊನೆಯ ಸ್ವರ ಆರುವುದು, ಸಿಂಬಲ್ ಹೊಡೆದ ಮೇಲಿನ ಬಾಲ, ಸಭೆಯ ಚಪ್ಪಾಳೆಯಲ್ಲಿ ಒಂದೊಂದು ಕೈ ಬೇರೆ ಬೇರೆ ಕೇಳುತ್ತದೆಯಾ ಅನ್ನುವುದು, ಇವೂ ಸರಿ. ಹಾಡುವವರ 'ಸ', 'ಶ' ಕಿವಿಗೆ ಚುಚ್ಚುತ್ತಿದ್ದರೆ ಬರೆದಿಡಿ.

ಸಮ ಮಾಡಿ ಕೇಳಿದಾಗ ನನಗೆ ಅನುಮಾನವಿಲ್ಲದೆ ಗೊತ್ತಾಗುವ ವ್ಯತ್ಯಾಸ ಒಂದೇ, ಮೌನ. ಸೂಕ್ಷ್ಮವಾದ ಇಯರ್‌ಫೋನ್ ಸಿಕ್ಕಿಸಿ ಹಾಡು ನಿಲ್ಲಿಸಿದಾಗ ಸಾಧಾರಣ ಡ್ಯಾಕ್‌ನಲ್ಲಿ ಸಣ್ಣ ಸುಸ್ ಅನ್ನುವ ಸದ್ದು ಇರುತ್ತದೆ, ಒಳ್ಳೆಯದರಲ್ಲಿ ಇರುವುದಿಲ್ಲ. ರೆಕಾರ್ಡಿಂಗ್ ಕೋಣೆಯ ಪ್ರತಿಧ್ವನಿ ಆರುವ ಕೊನೆಯ ತುದಿ ಅದರಿಂದಲೇ ಸಿಗುತ್ತದೆ. ಬೇಸ್ ಬಿಗಿ, ವೇದಿಕೆ ಅಗಲ ಅನ್ನುವ ವರ್ಣನೆಗಳಲ್ಲಿ ಬಹಳಷ್ಟು ವಾಲ್ಯೂಮ್ ಸಮವಾದ ಕೂಡಲೇ ಕರಗುತ್ತವೆ. ಇದು ಡ್ಯಾಕ್‌ಗೆ ಅವಮಾನ ಅಲ್ಲ, ಅದು ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ ಅಂತಲೇ ಅರ್ಥ.

ಇನ್ನೊಂದು ಉಪಾಯ. ಈಚಿನ ಹಾಡುಗಳನ್ನು ಬಿಡುಗಡೆಗೆ ಸಿದ್ಧಪಡಿಸುವಾಗಲೇ ತುಂಬ ಜೋರಾಗಿ ಮಾಸ್ಟರ್ ಮಾಡಿರುತ್ತಾರೆ. ಎರಡು ಸ್ಯಾಂಪಲ್‌ಗಳ, ಅಂದರೆ ಎರಡು ಅಂಕಿಗಳ ನಡುವೆ ಅಲೆ ಗರಿಷ್ಠ ಮಿತಿಯನ್ನೂ ದಾಟುತ್ತದೆ, ಕೆಲವು ಡ್ಯಾಕ್‌ಗಳು ಅಲ್ಲಿ ಒಡೆಯುತ್ತವೆ. ಪ್ಲೇಯರ್‌ನಲ್ಲಿ 3 ಡೆಸಿಬಲ್ ಇಳಿಸಿ, ಆಂಪ್‌ನಲ್ಲಿ ಅಷ್ಟೇ ಏರಿಸಿ. ಅಂಥ ಹಾಡುಗಳಲ್ಲಿ ಕರಕರ ಕಡಿಮೆಯಾದರೂ ಆಗಬಹುದು, ಖರ್ಚಂತೂ ಇಲ್ಲ.

ಹೊಂದಿಸಿದ ಅಂಕಿಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದಿಡಿ. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಅಥವಾ ಡ್ಯಾಕ್‌ನ ಫರ್ಮ್‌ವೇರ್ ಅಪ್‌ಡೇಟ್ ಆದಾಗ ಸೆಟ್ಟಿಂಗ್ ಮೊದಲಿನ ಹಾಗೆ ಆಗಿಬಿಡಬಹುದು, ಫಿಕ್ಸೆಡ್ ಮೋಡ್ ಕೂಡ. ಅಪ್‌ಡೇಟ್ ಆದ ಮೇಲೆ ಆಂಪ್ ಆನ್ ಮಾಡುವ ಮುಂಚೆ ಮೆನು ಒಮ್ಮೆ ನೋಡಿ, ಆಮೇಲೆ ಒಂದು 44.1ರ ಫೈಲ್ ಹಾಕಿ ಪರದೆ ನೋಡಿ.